ಬಿಚ್ಚಿ ಕಟ್ಟಿದ ಊರುಗಳು

ಇಲ್ಲಿ ಕೂತವರಲ್ಲಿ ನಲವತ್ತು ದಾಟಿದವರಿಗೆ ಒಂದು ಪ್ರಶ್ನೆ. ಚಿಕ್ಕವರಿದ್ದಾಗ ನವಕರ್ನಾಟಕದ ಅಂಗಡಿಯಲ್ಲಿ ರಷ್ಯಾದ ಮಕ್ಕಳ ಕಥೆ ಪುಸ್ತಕ ಕೊಂಡವರು ಎಷ್ಟು ಜನ? ನುಣುಪು ಕಾಗದ, ದೊಡ್ಡ ದೊಡ್ಡ ಬಣ್ಣದ ಚಿತ್ರ, ಬೆಲೆ ಮಾತ್ರ ತೀರಾ ಕಡಿಮೆ. ಕೈ ಎತ್ತಿದವರು ಜಾಸ್ತಿಯೇ ಇದ್ದೀರಿ. ಹಾಗಾದರೆ ನಿಮಗೆ ಬಾಬಾ ಯಾಗಾ ಗೊತ್ತಿರಬೇಕು. ಕಾಡಿನ ಮಾಟಗಾತಿ ಮುದುಕಿ. ಅವಳ ಮರದ ಮನೆ ಕೋಳಿಕಾಲಿನ ಮೇಲೆ ನಿಂತಿರುತ್ತದೆ. ಹೇಳಿದ ಕಡೆ ತಿರುಗುತ್ತದೆ.

ಅದು ಬರೀ ಕಲ್ಪನೆ ಅಂತ ನಾನೂ ಅಂದುಕೊಂಡಿದ್ದೆ. ಈಗ ಪರದೆ ಮೇಲಿನ ಚಿತ್ರ ನೋಡಿ. ಉತ್ತರದ ಕಾಡುಗಳಲ್ಲಿ ಬೇಟೆಗೆ ಹೋಗುವವರು ಮಾಂಸ, ಮೀನು ಇಡಲು ಕಟ್ಟುತ್ತಿದ್ದ ಪುಟ್ಟ ಉಗ್ರಾಣ ಇದು. ಮರವನ್ನು ಆಳೆತ್ತರಕ್ಕೆ ಕಡಿದು, ಬುಡವನ್ನು ನೆಲದಲ್ಲೇ ಬಿಟ್ಟು, ಆ ಮೋಟಿನ ಮೇಲೆ ಪೆಟ್ಟಿಗೆಯಂಥ ಗೂಡು ಕೂರಿಸಿದ್ದಾರೆ. ಇಲಿ ಹತ್ತಬಾರದು, ಕರಡಿಗೆ ಎಟುಕಬಾರದು, ಹಿಮದಲ್ಲಿ ಹೂತುಹೋಗಬಾರದು. ಕೆಳಗೆ ಬೇರುಗಳು ಉಗುರಿನ ಹಾಗೆ ನೆಲ ಹಿಡಿದುಕೊಂಡಿವೆ. ಮಬ್ಬುಗತ್ತಲಲ್ಲಿ ಇದನ್ನು ನೋಡಿದ ಮಗುವಿಗೆ ಕೋಳಿಕಾಲು ಕಾಣದೆ ಇನ್ನೇನು ಕಾಣಬೇಕು? ಕಥೆ ಹುಟ್ಟಿದ್ದು ಇಲ್ಲಿಂದಲೇ ಎಂದು ಅನೇಕರು ಹೇಳುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಇಂಥ ಉಗ್ರಾಣ, ಮನೆ, ಚರ್ಚು, ಗಾಳಿಗಿರಣಿ, ಸ್ನಾನದ ಮನೆಗಳನ್ನೆಲ್ಲ ಬೇರೆ ಬೇರೆ ಹಳ್ಳಿಗಳಿಂದ ತಂದು ಒಂದು ಬಯಲಿನಲ್ಲಿ ಮತ್ತೆ ನಿಲ್ಲಿಸಿದ ಜಾಗಗಳು ರಷ್ಯಾದಲ್ಲಿ ಸಾಕಷ್ಟಿವೆ. ಬಯಲು ವಸ್ತುಸಂಗ್ರಹಾಲಯಗಳು ಅಂತೀವಲ್ಲ, ಅವು. ಇವತ್ತಿನ ಮಾತು ಅವುಗಳ ಬಗ್ಗೆ. ‘ಪಾಪ, ಹಳೇ ಮನೆಗಳನ್ನು ಕಿತ್ತು ತಂದು ಗಾಜಿನ ಕಪಾಟಿನಲ್ಲಿಟ್ಟ ಹಾಗೆ ಇಟ್ಟಿದ್ದಾರೆ’ ಎಂದು ಕೆಲವರಿಗೆ ಅನ್ನಿಸುತ್ತದೆ. ಮೊದಲು ನನಗೂ ಹಾಗೇ ಅನ್ನಿಸಿತ್ತು. ಆ ಮನೆಗಳನ್ನು ಹೇಗೆ ಕಟ್ಟುತ್ತಿದ್ದರು ಅಂತ ತಿಳಿದ ಮೇಲೆ ಅಭಿಪ್ರಾಯ ಬದಲಾಯಿತು. ಹಾಗಾಗಿ ಕಟ್ಟುವ ಬಗೆಯಿಂದಲೇ ಶುರು ಮಾಡ್ತೀನಿ.

ರಷ್ಯಾದ ಹಳ್ಳಿಮನೆಗೆ ಇಜ್ಬಾ ಅಂತ ಹೆಸರು. ಅದರ ಗೋಡೆಗೆ ಕಂಬ ಇಲ್ಲ, ಚೌಕಟ್ಟಿಲ್ಲ. ಉದ್ದನೆಯ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸುತ್ತಾರೆ. ನಾಲ್ಕು ದಿಮ್ಮಿ ಸೇರಿದರೆ ಒಂದು ಸುತ್ತು. ಅಂಥ ಸುತ್ತುಗಳನ್ನು ಪೇರಿಸಿದರೆ ಗೋಡೆ. ಮೂಲೆಯಲ್ಲಿ ಒಂದು ದಿಮ್ಮಿಗೆ ಬಟ್ಟಲಿನ ಹಾಗೆ ಕುಳಿ ತೋಡಿ ಇನ್ನೊಂದನ್ನು ಅದರಲ್ಲಿ ಕೂರಿಸುತ್ತಾರೆ. ಹಾಗೆ ಕೂರಿಸಿದರೆ ತುದಿಗಳು ಗೋಡೆಯಿಂದ ಆಚೆ ಚಾಚಿಕೊಂಡಿರುತ್ತವೆ. ಮೂಲೆ ಗಾಳಿಗೆ ತೆರೆದುಕೊಳ್ಳದೆ ಬೆಚ್ಚಗಿರುತ್ತದೆ. ದಿಮ್ಮಿ ದಿಮ್ಮಿಯ ನಡುವೆ ಪಾಚಿ ತುಂಬುತ್ತಾರೆ. ಮೇಲಿನ ಭಾರಕ್ಕೆ ಪಾಚಿ ಅದುಮಿಕೊಳ್ಳುತ್ತದೆ, ಸಂದು ಮುಚ್ಚುತ್ತದೆ.

ಈ ಕೆಲಸದ ರಾಜ ಕೊಡಲಿ. ರಷ್ಯನ್ನರಿಗೆ ಗರಗಸ ಗೊತ್ತಿರಲಿಲ್ಲ ಅಂತಲ್ಲ. ಬೇಕೆಂದೇ ಬಿಟ್ಟಿದ್ದರು. ಗರಗಸ ಮರದ ನಾರುಗಳನ್ನು ಹರಿದು ಬಾಯಿ ತೆರೆದು ಬಿಡುತ್ತದೆ, ಅಲ್ಲಿಂದ ನೀರು ಒಳಗಿಳಿಯುತ್ತದೆ. ಹರಿತವಾದ ಕೊಡಲಿಯ ಏಟು ನಾರನ್ನು ಅದುಮಿ ಮುಚ್ಚುತ್ತದೆ. ನೂರಾರು ವರ್ಷ ಮಳೆ ಹಿಮದಲ್ಲಿ ನಿಲ್ಲುವ ದಿಮ್ಮಿಗೆ ಇದು ಸಣ್ಣ ವಿಷಯ ಅಲ್ಲ. ಅವರ ಭಾಷೆಯಲ್ಲೂ ಕೊಡಲಿಯೇ ಗೆದ್ದಿದೆ. ಮರದ ಮನೆ ಕಟ್ಟಿದರು ಅನ್ನಲು ‘ರುಬಿತ್’ ಅನ್ನುತ್ತಾರೆ. ಆ ಮಾತಿನ ಅರ್ಥ ಕಡಿಯುವುದು. ‘ಆ ವರ್ಷ ಅಲ್ಲೊಂದು ಊರು ಕಡಿದರು’ ಅಂದರೆ ಊರು ನಾಶ ಮಾಡಿದರು ಅಂತ ತಿಳಿಯಬೇಡಿ. ಊರು ಕಟ್ಟಿದರು ಅಂತ.

ಮಾಡಿನ ಕಥೆ ಇನ್ನೂ ಚೆನ್ನಾಗಿದೆ. ಸ್ಪ್ರೂಸ್ ಎಂಬ ಮರವನ್ನು ಬೇರಿನ ಸಮೇತ ಕಿತ್ತರೆ, ಒಂದು ಬೇರು ಕೊಕ್ಕೆಯ ಹಾಗೆ ಬಾಗಿರುತ್ತದೆ. ಆ ಕೊಕ್ಕೆಗಳನ್ನು ಸೂರಿನ ಕಡೆಗೆ ಮಾಡಿ ಸಾಲಾಗಿ ಇಡುತ್ತಾರೆ. ಅವುಗಳ ಮೇಲೆ ಕೊರೆದ ದಿಮ್ಮಿಯ ದೋಣಿ, ಮಳೆನೀರು ಹರಿಯಲು. ಮಾಡಿನ ಹಲಗೆಗಳ ಕೆಳತುದಿ ಆ ದೋಣಿಗೆ ಆತುಕೊಳ್ಳುತ್ತದೆ. ಮೇಲ್ತುದಿಯನ್ನು ಅದುಮಿ ಹಿಡಿಯಲು ನೆತ್ತಿಯ ಮೇಲೆ ಒಂದು ಭಾರದ ದಿಮ್ಮಿ. ಹಲಗೆಯ ಕೆಳಗೆ ಬರ್ಚ್ ಮರದ ತೊಗಟೆ, ನೀರು ಸೋರದಂತೆ. ಎಲ್ಲೂ ಮೊಳೆ ಇಲ್ಲ. ನೆತ್ತಿಯ ದಿಮ್ಮಿಯ ಮುಂದಿನ ಬುಡವನ್ನು ಕುದುರೆ ತಲೆಯ ಹಾಗೆ ಕೆತ್ತುವುದೂ ಉಂಟು. ಅಂದ ಹಾಗೆ, ಆ ಬೇರಿನ ಕೊಕ್ಕೆಗೆ ಬಡಗಿಗಳು ಇಟ್ಟ ಹೆಸರು ‘ಕೂರಿತ್ಸಾ’. ಕೋಳಿ! ಈ ಜನಕ್ಕೆ ಮನೆ ಅಂದರೆ ಕೋಳಿ ಯಾಕೆ ನೆನಪಾಗುತ್ತಿತ್ತೋ.

ಮೊಳೆ ಇಲ್ಲ, ಗಾರೆ ಇಲ್ಲ ಅಂದ ಮೇಲೆ ಏನಾಯಿತು? ಮನೆ ಬಿಚ್ಚಬಹುದು. ದಿಮ್ಮಿಗಳಿಗೆ ಗುರುತು ಹಾಕಿ, ಗಾಡಿಗೋ ತೆಪ್ಪಕ್ಕೋ ಹಾಕಿ, ಬೇರೆ ಕಡೆ ಮತ್ತೆ ಜೋಡಿಸಬಹುದು. ಇದನ್ನು ಯಾವ ಮ್ಯೂಸಿಯಂನವರೂ ಹೊಸದಾಗಿ ಕಂಡುಹಿಡಿಯಬೇಕಿರಲಿಲ್ಲ. ಹದಿನೇಳನೇ ಶತಮಾನದಲ್ಲಿ ಮಾಸ್ಕೋಗೆ ಬಂದ ಆಡಮ್ ಒಲಿಯಾರಿಯಸ್ ಎಂಬ ಜರ್ಮನ್ ಪ್ರವಾಸಿ ಅಲ್ಲಿನ ಮನೆ ಸಂತೆಯ ಬಗ್ಗೆ ಬರೆದಿದ್ದಾನೆ. ಸಿದ್ಧಪಡಿಸಿದ ಮನೆಗಳನ್ನು ಬಿಚ್ಚಿ ಇಟ್ಟು ಮಾರುತ್ತಿದ್ದರು. ಮಾಸ್ಕೋಗೆ ಆಗಾಗ ಬೆಂಕಿ ಬೀಳುತ್ತಿತ್ತು. ಮನೆ ಸುಟ್ಟವನು ಸಂತೆಗೆ ಹೋಗಿ ಇನ್ನೊಂದು ಮನೆ ಕೊಂಡು ತರುತ್ತಿದ್ದ.

ಇದಕ್ಕಿಂತ ದೊಡ್ಡ ಸಾಹಸ 1551ರದ್ದು. ಕಜಾನ್ ಪಟ್ಟಣವನ್ನು ಗೆಲ್ಲಲು ಹೊರಟ ರಷ್ಯಾದ ದೊರೆ ನಾಲ್ಕನೇ ಇವಾನನಿಗೆ ಶತ್ರುವಿನ ಪಕ್ಕದಲ್ಲೇ ಒಂದು ಕೋಟೆ ಬೇಕಿತ್ತು. ಅಲ್ಲಿ ನಿಧಾನವಾಗಿ ಕಟ್ಟುತ್ತಾ ಕೂತರೆ ಎದುರಿನವರು ಸುಮ್ನೆ ನೋಡುತ್ತಾ ಇರುತ್ತಾರಾ? ಹಾಗಾಗಿ ಕೋಟೆಯನ್ನು ವೋಲ್ಗಾ ನದಿಯ ಮೇಲಿನ ಭಾಗದಲ್ಲಿ, ಉಗ್ಲಿಚ್ ಹತ್ತಿರದ ಕಾಡಿನಲ್ಲಿ ಚಳಿಗಾಲದಲ್ಲೇ ಸಿದ್ಧಪಡಿಸಿದರು. ದಿಮ್ಮಿಗಳಿಗೆ ಗುರುತು ಹಾಕಿ ಬಿಚ್ಚಿದರು. ಹಿಮ ಕರಗಿದ ಮೇಲೆ ನದಿಯಲ್ಲಿ ತೇಲಿಬಿಟ್ಟರು. ಕೆಳಗೆ ಸ್ವಿಯಾಝ್ಸ್ಕ್ ಎಂಬಲ್ಲಿ ಸುಮಾರು ನಾಲ್ಕು ವಾರದಲ್ಲಿ ಇಡೀ ಕೋಟೆ ನಿಂತಿತು. ಮರುವರ್ಷ ಕಜಾನ್ ಬಿತ್ತು.

ಅದಕ್ಕೇ ನಾನು ಹೇಳೋದು, ಮರದ ಮನೆಯನ್ನು ಬಿಚ್ಚಿ ಸಾಗಿಸುವುದು ಆ ಮನೆಗೆ ಮಾಡಿದ ಅನ್ಯಾಯ ಏನಲ್ಲ. ಅದು ಹುಟ್ಟಿದ್ದೇ ಬಿಚ್ಚಿ ಕಟ್ಟಲು. ಕಲ್ಲಿನ ದೇವಸ್ಥಾನದ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ.

ಇಂಥ ಮ್ಯೂಸಿಯಂಗಳ ಯೋಚನೆ ಬಂದಿದ್ದು ಸ್ವೀಡನ್‌ನಿಂದ. ಆರ್ಟುರ್ ಹಾಜೆಲಿಯಸ್ ಎಂಬಾತ 1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ ತೆರೆದ. ಅದು ಎಷ್ಟು ಹೆಸರಾಯಿತು ಅಂದರೆ, ಪೋಲೆಂಡ್, ರಷ್ಯಾಗಳಲ್ಲಿ ಇಂಥ ಯಾವ ಜಾಗವನ್ನೂ ಜನ ಸ್ಕಾನ್ಸೆನ್ ಎಂದೇ ಕರೆಯುತ್ತಾರೆ. ರಷ್ಯಾದಲ್ಲೂ ಅದೇ ಹೊತ್ತಿಗೆ ಕಲಾವಿದರ ಕಣ್ಣು ಹಳೇ ಕಟ್ಟಡಗಳ ಮೇಲೆ ಬೀಳತೊಡಗಿತ್ತು. ನಿಕೊಲಾಯ್ ರೋರಿಕ್ 1903 ಮತ್ತು 1904ರಲ್ಲಿ ಹೆಂಡತಿಯ ಜೊತೆ ಹಳೆಯ ಊರುಗಳನ್ನು ಸುತ್ತಿ, ಚಿತ್ರ ಬರೆದು, ಇವು ಹಾಳಾಗುತ್ತಿವೆ ಎಂದು ಕೂಗಿ ಹೇಳಿದರು. ರೋರಿಕ್ ಅಂದ ಕೂಡಲೇ ನಿಮಗೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ನೆನಪಾಗಿರಬೇಕು. ಹೌದು, ದೇವಿಕಾ ರಾಣಿಯವರ ಜೊತೆ ಅಲ್ಲಿ ಬಾಳಿದ ಸ್ವೆತೊಸ್ಲಾವ್ ರೋರಿಕ್ ಅವರ ಅಪ್ಪ ಇವರು.

1917ರ ಕ್ರಾಂತಿಯ ನಂತರ ಈ ಕೆಲಸಕ್ಕೆ ಕೈ ಹಾಕಿದವರು ಪ್ಯೋತ್ರ್ ಬರನೋವ್ಸ್ಕಿ ಎಂಬ ವಾಸ್ತುಶಿಲ್ಪಿ. ಮಾಸ್ಕೋದ ಕೊಲೋಮೆನ್ಸ್ಕೊಯೆ ಎಂಬಲ್ಲಿ, ಹಳೇ ಅರಸರ ತೋಟದಲ್ಲಿ, 1920ರ ದಶಕದಲ್ಲಿ ಮ್ಯೂಸಿಯಂ ಶುರು ಮಾಡಿದರು. ಬಿಳಿ ಸಮುದ್ರದ ದಂಡೆಯ ಒಂದು ಮಠದ ಹೆಬ್ಬಾಗಿಲ ಗೋಪುರ ಅಲ್ಲಿಗೆ ಬಂತು. 1692ರದ್ದು. ದೊರೆ ಮಹಾ ಪೀಟರ್ ಅರ್ಖಾಂಗೆಲ್ಸ್ಕ್‌ನಲ್ಲಿ ತಂಗಿದ್ದ 1702ರ ಪುಟ್ಟ ಮನೆಯೂ ಆಮೇಲೆ ಬಂತು. ಚರ್ಚುಗಳನ್ನು ಕೆಡವುವುದೇ ಕೆಲಸವಾಗಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ‘ಇದನ್ನು ಉಳಿಸಿ’ ಅಂದರೆ ಏನಾಗುತ್ತದೆ? 1933ರಲ್ಲಿ ಬರನೋವ್ಸ್ಕಿಯನ್ನು ಬಂಧಿಸಿ ಸೈಬೀರಿಯಾದ ಶಿಬಿರಕ್ಕೆ ಕಳಿಸಿದರು. ಮೂರು ವರ್ಷ. ಬಿಡುಗಡೆಯಾದ ಮೇಲೆ ಮತ್ತೆ ಅದೇ ಕೆಲಸ!

ನಿಜವಾದ ಸುಗ್ಗಿ ಬಂದಿದ್ದು 1960ರ ದಶಕದಲ್ಲಿ. ಮ್ಯೂಸಿಯಂಗಳು ಹುಟ್ಟಿದ ವರ್ಷಗಳನ್ನು ಸುಮ್ನೆ ಕೇಳಿಸಿಕೊಳ್ಳಿ. ನೊವ್‌ಗೊರೊಡ್ ಪಕ್ಕದ ವಿತೊಸ್ಲಾವ್ಲಿತ್ಸಿ 1964. ಅರ್ಖಾಂಗೆಲ್ಸ್ಕ್ ಪಕ್ಕದ ಮಾಲಿಯೆ ಕರೇಲಿ 1964. ಓನೆಗಾ ಸರೋವರದ ಕಿಝಿ 1966. ಪೆರ್ಮ್ ಪಕ್ಕದ ಖೊಖ್ಲೊವ್ಕಾ 1969. ಎಲ್ಲ ಐದಾರು ವರ್ಷದೊಳಗೆ. ಯಾಕೆ? ಸೋವಿಯತ್ ನಾಯಕ ಕ್ರುಶ್ಚೆವ್ ಕಾಲದಲ್ಲಿ ಧರ್ಮದ ವಿರುದ್ಧ ಹೊಸ ಅಲೆ ಎದ್ದಿತ್ತು. ಚರ್ಚುಗಳಿಗೆ ಬೀಗ ಬಿದ್ದಿತ್ತು. ಸಣ್ಣ ಹಳ್ಳಿಗಳಿಗೆ ‘ಭವಿಷ್ಯವಿಲ್ಲದವು’ ಅಂತ ಹಣೆಪಟ್ಟಿ ಹಚ್ಚಿ ಜನರನ್ನು ದೊಡ್ಡ ಊರಿಗೆ ಕಳಿಸುತ್ತಿದ್ದರು. ಖಾಲಿ ಹಳ್ಳಿಯ ಮರದ ಚರ್ಚು ಎಷ್ಟು ದಿನ ನಿಂತೀತು? ಅದನ್ನು ದೇವರ ಮನೆ ಎಂದು ಉಳಿಸಲು ಸರ್ಕಾರ ಒಪ್ಪುತ್ತಿರಲಿಲ್ಲ. ‘ಜನಪದ ವಾಸ್ತುಶಿಲ್ಪ’ ಅಂದರೆ ಒಪ್ಪುತ್ತಿತ್ತು. ಬುದ್ಧಿವಂತರು ಆ ಬಾಗಿಲಿನಿಂದ ಒಳಗೆ ನುಗ್ಗಿದರು.

ಇನ್ನೊಂದು ಕಾರಣ ಅಣೆಕಟ್ಟು. ವೋಲ್ಗಾ ದಂಡೆಯ ಕೊಸ್ತ್ರೊಮಾ ಹತ್ತಿರ ಸ್ಪಾಸ್-ವೇಝಿ ಎಂಬ ಹಳ್ಳಿ ಇತ್ತು. ಪ್ರತಿ ವಸಂತದಲ್ಲಿ ಅಲ್ಲಿ ನೆರೆ. ಹಾಗಾಗಿ 1713ರ ಅವರ ಚರ್ಚು ಎತ್ತರದ ಓಕ್ ಕಂಬಗಳ ಮೇಲೆ ನಿಂತಿತ್ತು. ಸ್ನಾನದ ಮನೆಗಳೂ ಹಾಗೇ. ಮತ್ತೆ ಕೋಳಿಕಾಲು, ನೋಡಿ. 1950ರ ದಶಕದಲ್ಲಿ ಗೋರ್ಕಿ ಜಲಾಶಯ ತುಂಬತೊಡಗಿದಾಗ ಆ ಚರ್ಚನ್ನು ಬಿಚ್ಚಿ ಕೊಸ್ತ್ರೊಮಾಗೆ ತಂದರು. ಅಲ್ಲಿ ಗಟ್ಟಿ ನೆಲದ ಮೇಲೂ ಅದನ್ನು ಕಂಬಗಳ ಮೇಲೆಯೇ ನಿಲ್ಲಿಸಿದರು. ಕೆಳಗೆ ನೀರಿಲ್ಲ, ಮೇಲೆ ಚರ್ಚು. ನೀರು ಮುಳುಗಿಸದೆ ಬಿಟ್ಟದ್ದನ್ನು 2002ರಲ್ಲಿ ಬೆಂಕಿ ನುಂಗಿತು. ಸೈಬೀರಿಯಾದ ಇಲಿಮ್ಸ್ಕ್ ಕೋಟೆಯ ಊರು ಕೂಡ ಉಸ್ತ್-ಇಲಿಮ್ಸ್ಕ್ ಜಲಾಶಯದಲ್ಲಿ ಮುಳುಗಿತು. ಅದರ 1667ರ ಗೋಪುರ ಈಗ ಇರ್ಕುತ್ಸ್ಕ್ ಹತ್ತಿರದ ತಾಲ್ತ್ಸಿ ಮ್ಯೂಸಿಯಂನಲ್ಲಿ, ಅಂಗಾರಾ ನದಿಯ ದಂಡೆಯಲ್ಲಿ ನಿಂತಿದೆ.

ನನ್ನನ್ನು ಕೇಳಿದರೆ ಇವುಗಳಲ್ಲಿ ನೋಡಲೇಬೇಕಾದದ್ದು ಮಾಲಿಯೆ ಕರೇಲಿ. ಅರ್ಖಾಂಗೆಲ್ಸ್ಕ್‌ನಿಂದ ಇಪ್ಪತ್ತೈದು ಕಿಲೋಮೀಟರ್. ಸುಮಾರು 140 ಹೆಕ್ಟೇರ್ ಜಾಗ, ನೂರಕ್ಕೂ ಹೆಚ್ಚು ಕಟ್ಟಡ. 1964ರಲ್ಲಿ ಹುಟ್ಟಿದರೂ ಜನರಿಗೆ ತೆರೆದದ್ದು 1973ರಲ್ಲಿ. ಇಲ್ಲಿನ ಜಾಣತನ ಏನೆಂದರೆ, ಕಟ್ಟಡಗಳನ್ನು ಸಾಲಾಗಿ ನಿಲ್ಲಿಸಿಲ್ಲ. ನದಿಗಳ ಪ್ರಕಾರ ಹಂಚಿದ್ದಾರೆ. ದ್ವಿನಾ ಕಡೆಯ ಮನೆಗಳು ಒಂದು ಕಡೆ, ಪಿನೇಗಾ ಕಡೆಯವು ಇನ್ನೊಂದು ಕಡೆ, ಮೆಜೆನ್ ಕಡೆಯವು ಮತ್ತೊಂದು ಕಡೆ. ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ನಡುವೆ ನಿಜವಾದ ಕಾಡು ಇದೆ, ಇಳಿದು ಹತ್ತಬೇಕಾದ ಕಣಿವೆ ಇದೆ. ನಡೆದು ನಡೆದು ಕಾಲು ಸೋತಾಗ ಹಳ್ಳಿ ಕಾಣಿಸಿದರೆ ಅದರ ರುಚಿಯೇ ಬೇರೆ, ಅಲ್ವಾ?

ಅಲ್ಲಿನ ಒಂದು ಮನೆ ನೋಡಿ. ಇಷ್ಟು ದೊಡ್ಡದು ಯಾಕೆ? ಜಮೀನುದಾರನ ಮನೆಯಾ? ಅಲ್ಲ, ರೈತನದ್ದು. ಮುಂದಿನ ಅರ್ಧ ಜನರಿಗೆ. ಹಿಂದಿನ ಅರ್ಧದಲ್ಲಿ ಕೆಳಗೆ ಕೊಟ್ಟಿಗೆ, ಮೇಲೆ ಹುಲ್ಲಿನ ಅಟ್ಟ. ಎಲ್ಲ ಒಂದೇ ಮಾಡಿನ ಕೆಳಗೆ. ಹಿಂದೆ ಓರೆಯಾಗಿ ದಿಮ್ಮಿಗಳ ಸೇತುವೆ ಕಾಣುತ್ತಿದೆಯಲ್ಲ, ಅದರ ಮೇಲೆ ಕುದುರೆ ಗಾಡಿ ಹುಲ್ಲಿನ ಸಮೇತ ಸೀದಾ ಅಟ್ಟಕ್ಕೇ ಹತ್ತುತ್ತದೆ. ಚಳಿಗಾಲ ಪೂರ್ತಿ ಹೆಂಗಸರು ಹೊರಗೆ ಕಾಲಿಡದೆ ಹಸುವಿಗೆ ಹುಲ್ಲು ಹಾಕಿ ಹಾಲು ಕರೆಯಬಹುದು. ಮೈನಸ್ ಮೂವತ್ತು ಡಿಗ್ರಿಯಲ್ಲಿ ಅದು ಸುಖ ಅಲ್ಲ, ಬದುಕು.

ಅಲ್ಲಿ ಗಾಳಿಗಿರಣಿಗಳೂ ಇವೆ. ದಪ್ಪ ಕಂಬದ ಮೇಲೆ ಇಡೀ ಗಿರಣಿಯ ಗೂಡು ಕೂತಿರುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಗೂಡನ್ನೇ ಆ ಕಡೆ ತಿರುಗಿಸಬೇಕು. ಬಾಬಾ ಯಾಗಾಳ ಮನೆ ತಿರುಗುತ್ತಿತ್ತು ಅಂದೆನಲ್ಲ, ಇದನ್ನು ನೋಡಿದ ಮೇಲೆ ನಂಬಿಕೆ ಬರುತ್ತದೆ. 1672ರ ಸಂತ ಜಾರ್ಜ್ ಚರ್ಚು ಇದೆ. ಹದಿನಾರನೇ ಶತಮಾನದ ಗಂಟೆಗೋಪುರ ಇದೆ. ಸೋವಿಯತ್ ದಿನಗಳಲ್ಲಿ ಚರ್ಚಿನ ಗಂಟೆ ಬಾರಿಸುವ ಕಲೆ ಹೆಚ್ಚುಕಡಿಮೆ ಸತ್ತೇಹೋಗಿತ್ತು. 1970ರ ದಶಕದಲ್ಲಿ ಇಲ್ಲಿ ಅದಕ್ಕೆ ಮತ್ತೆ ಜೀವ ಬಂತು. ಪೂಜೆ ಅಂತ ಹೇಳಿಲ್ಲ, ಸಂಗೀತ ಅಂದರು. ಅದೇ ಹಳೇ ಬಾಗಿಲು.

ಈಗ ಕಿಝಿಗೆ ಬರೋಣ. ಕರೇಲಿಯಾದ ಓನೆಗಾ ಸರೋವರದಲ್ಲಿ ಉದ್ದನೆಯ ಸಪೂರ ದ್ವೀಪ. ಅದರ ಮೇಲೆ 37 ಮೀಟರ್ ಎತ್ತರದ ಮರದ ಚರ್ಚು, 22 ಗುಮ್ಮಟ. 1714ರದ್ದು. ಇದನ್ನು ಎಲ್ಲಿಂದಲೂ ತಂದದ್ದಲ್ಲ, ಹುಟ್ಟಿದ ಜಾಗದಲ್ಲೇ ಇದೆ. ಮೇಸ್ತ್ರಿಯ ಹೆಸರು ನೆಸ್ತರ್ ಎಂದು ಐತಿಹ್ಯ. ಕೆಲಸ ಮುಗಿಸಿ ಕೊಡಲಿಯನ್ನು ಸರೋವರಕ್ಕೆ ಎಸೆದು, ‘ಇಂಥದ್ದು ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆ ಆಗುವುದೂ ಇಲ್ಲ’ ಅಂದನಂತೆ. ಅಂತೆ ಕಂತೆ ಇರಲಿ, ಆರು ವರ್ಷ ಮುಂಚೆಯೇ ಸರೋವರದ ಆಚೆ ವೀತೆಗ್ರಾ ಹತ್ತಿರ ಇದೇ ಜಾತಿಯ ಇನ್ನೊಂದು ಚರ್ಚು ಎದ್ದಿತ್ತು. ಅದು 1963ರಲ್ಲಿ ಸುಟ್ಟುಹೋಯಿತು. ಅದೃಷ್ಟಕ್ಕೆ ಅದರ ಅಳತೆಗಳನ್ನು ಮೊದಲೇ ತೆಗೆದಿದ್ದರು. ಆ ಅಳತೆ ಹಿಡಿದು ಸೇಂಟ್ ಪೀಟರ್ಸ್‌ಬರ್ಗ್ ಹೊರವಲಯದಲ್ಲಿ ಹೊಸದಾಗಿ ಕಟ್ಟಿದ್ದಾರೆ.

‘ಒಂದೂ ಮೊಳೆ ಇಲ್ಲದ ಚರ್ಚು’ ಎಂದು ಎಲ್ಲ ಗೈಡುಗಳೂ ಹೇಳುತ್ತಾರೆ. ಗೋಡೆಯ ಮಟ್ಟಿಗೆ ನಿಜ. ಗುಮ್ಮಟಗಳ ಮೇಲೆ ಹೊದಿಸಿದ ಚಿಕ್ಕ ಚಿಕ್ಕ ಮರದ ಹೆಂಚುಗಳಿಗೆ ಮೊಳೆ ಹೊಡೆದಿದ್ದಾರೆ. ಅಂಥವು ಸುಮಾರು ಮೂವತ್ತು ಸಾವಿರ ಇವೆ. ಆಸ್ಪೆನ್ ಮರವನ್ನು ಸಲಿಕೆಯ ಹಾಗೆ ಬಾಗಿರುವಂತೆ ಕೊಡಲಿಯಲ್ಲೇ ಕೆತ್ತಿದ್ದು. ಬಿಸಿಲು ಮಳೆ ತಾಗಿ ಅದು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಸಂಜೆ ಬೆಳಕಿನಲ್ಲಿ ನೋಡಿದವರು ತಗಡು ಹೊದಿಸಿದ್ದಾರೆ ಅಂತಲೇ ನಂಬುತ್ತಾರೆ.

ಇನ್ನೊಂದು ಗುಟ್ಟು ಹೇಳ್ತೀನಿ. ಪೋಸ್ಟ್‌ಕಾರ್ಡಿನಲ್ಲಿ ನಾವು ನೋಡುವ ಈ ಬೂದು ದಿಮ್ಮಿಗಳ ಕಿಝಿ, ಒಂದು ರೀತಿಯಲ್ಲಿ 1950ರ ದಶಕದ ಸೃಷ್ಟಿ. ಹತ್ತೊಂಬತ್ತನೇ ಶತಮಾನದಲ್ಲಿ ಇಡೀ ಚರ್ಚಿಗೆ ಹಲಗೆ ಹೊಡೆದು ಬಿಳಿ ಬಣ್ಣ ಬಳಿದಿದ್ದರು, ಗುಮ್ಮಟಕ್ಕೆ ಕಬ್ಬಿಣದ ತಗಡು ಹಾಕಿದ್ದರು. ಅಲೆಕ್ಸಾಂದರ್ ಒಪೊಲೊವ್ನಿಕೊವ್ ಎಂಬ ವಾಸ್ತುಶಿಲ್ಪಿ ಅದನ್ನೆಲ್ಲ ಕಿತ್ತುಹಾಕಿಸಿ ಹಳೇ ರೂಪ ತಂದರು. ಸುತ್ತಲಿನ ದಿಮ್ಮಿ ಬೇಲಿಯನ್ನೂ 1959ರಲ್ಲಿ ಬೇರೆ ಕಡೆಯ ಬೇಲಿಗಳನ್ನು ನೋಡಿ ಹೊಸದಾಗಿ ಕಟ್ಟಿಸಿದರು. ಕಣ್ಣಿಗೆ ಚಂದವೇ. ಆದರೆ ಆ ಹಲಗೆ ದಿಮ್ಮಿಗಳನ್ನು ಮಳೆಯಿಂದ ಕಾಪಾಡುತ್ತಿತ್ತು, ಕಿತ್ತದ್ದು ತಪ್ಪು ಎನ್ನುವವರೂ ಇದ್ದಾರೆ. ನಾನು ಅವರ ಕಡೆಗೇ ವಾಲುತ್ತೇನೆ. ಹತ್ತೊಂಬತ್ತನೇ ಶತಮಾನದ ಪಾದ್ರಿಗೆ ರುಚಿ ಇಲ್ಲದಿರಬಹುದು, ಸೋರುವ ಮಾಡಿನ ಕಷ್ಟ ಚೆನ್ನಾಗಿ ಗೊತ್ತಿತ್ತು.

1980ರ ಹೊತ್ತಿಗೆ ಚರ್ಚು ವಾಲತೊಡಗಿತ್ತು. ಬೀಳದಿರಲೆಂದು ಒಳಗೆ ದೊಡ್ಡ ಕಬ್ಬಿಣದ ಚೌಕಟ್ಟು ನಿಲ್ಲಿಸಿದರು. ಪವಿತ್ರ ಚಿತ್ರಗಳನ್ನು ಬಿಚ್ಚಿ ಬೇರೆಡೆ ಇಟ್ಟರು. ಆಮೇಲೆ ಏನು ಮಾಡಬೇಕು ಅಂತ ಜಗಳವೇ ಜಗಳ. 1990ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಆಗಲೂ ಒಳಗೆ ಯಾರಿಗೂ ಪ್ರವೇಶ ಇಲ್ಲ. ಪೂರ್ತಿ ಬಿಚ್ಚಿದರೆ ಮತ್ತೆ ಸೇರಿಸಬಲ್ಲೆವಾ ಎಂಬ ಭಯ. ಹಾಗೇ ಬಿಟ್ಟರೆ ಕೊಳೆಯುವ ಭಯ. ಕೊನೆಗೆ ಹೊಳೆದ ಉಪಾಯ ಕೇಳಿ. ಅದೇ ಕಬ್ಬಿಣದ ಚೌಕಟ್ಟಿನ ಆಸರೆಯಲ್ಲಿ ಮೇಲಿನ ಭಾಗವನ್ನು ಜಾಕ್‌ಗಳಿಂದ ಎತ್ತಿ ಹಿಡಿಯುವುದು. ಕಟ್ಟಡವನ್ನು ಏಳು ಪಟ್ಟಿಗಳಾಗಿ ಲೆಕ್ಕ ಹಾಕಿ, ಒಂದು ಪಟ್ಟಿಯ ದಿಮ್ಮಿಗಳನ್ನು ಮಾತ್ರ ಹೊರತೆಗೆಯುವುದು. ಮೇಲಿನ ಚರ್ಚು ಗಾಳಿಯಲ್ಲಿ! ದಿಮ್ಮಿಗಳನ್ನು ದ್ವೀಪದ ಕಮ್ಮಟಕ್ಕೆ ಒಯ್ದು, ಕೊಳೆತ ಕಡೆ ಮಾತ್ರ ಕತ್ತರಿಸಿ ಹೊಸ ಮರದ ತೇಪೆ ಹಾಕಿ, ತೀರಾ ಕೆಟ್ಟದ್ದನ್ನು ಬದಲಿಸಿ, ಅಲ್ಲೇ ಒಮ್ಮೆ ಜೋಡಿಸಿ ನೋಡಿ, ಮತ್ತೆ ತಂದು ಕೂರಿಸುವುದು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋದರು. ಹತ್ತು ವರ್ಷ ಹಿಡಿಯಿತು, 2020ರಲ್ಲಿ ಮುಗಿಯಿತು. ಸುಮಾರು ಮೂರರಲ್ಲಿ ಎರಡು ಭಾಗ ಹಳೇ ಮರವೇ ಉಳಿದಿದೆ.

ಇಷ್ಟೆಲ್ಲ ಮಾಡಲು ಹಳೇ ರೀತಿಯಲ್ಲಿ ಕೊಡಲಿ ಹಿಡಿಯಬಲ್ಲ ಬಡಗಿಗಳು ಬೇಕಲ್ಲ? ಅವರನ್ನು ಅಲ್ಲೇ ತಯಾರು ಮಾಡಿದರು. ಮ್ಯೂಸಿಯಂ ಈಗ ಬಡಗಿಗಳಿಗೆ ಪಾಠಶಾಲೆಯೂ ಹೌದು. ನನ್ನ ಮಟ್ಟಿಗೆ ಕಿಝಿಯ ದೊಡ್ಡ ಗಳಿಕೆ ಇದೇ, 22 ಗುಮ್ಮಟಕ್ಕಿಂತ ಜಾಸ್ತಿ. ಇಂಥ ಕೈಗಳಿದ್ದರೆ ದಿಮ್ಮಿ ಹಾಳಾದರೂ ಇನ್ನೊಂದು ಬರುತ್ತದೆ.

ಮ್ಯೂಸಿಯಂಗಳಲ್ಲಿ ಮರ ಬೇಗ ಕೊಳೆಯಲು ಮಳೆ ಒಂದೇ ಕಾರಣ ಅಲ್ಲ. ಹಳೇ ಇಜ್ಬಾಗಳಲ್ಲಿ ಒಲೆಗೆ ಹೊಗೆ ಕೊಳವೆ ಇರಲಿಲ್ಲ. ಅವನ್ನು ‘ಕಪ್ಪು’ ಮನೆ ಅಂತಿದ್ದರು. ಬೆಳಿಗ್ಗೆ ಒಲೆ ಹಚ್ಚಿದರೆ ಹೊಗೆ ಮೇಲೇರಿ, ಕೋಣೆಯ ಮೇಲಿನ ಅರ್ಧದಲ್ಲಿ ಮೋಡದ ಹಾಗೆ ತೂಗಾಡಿ, ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಜನ ಅದರ ಕೆಳಗೆ ಬಗ್ಗಿ ಓಡಾಡುತ್ತಿದ್ದರು. ಗೋಡೆಯ ಮೇಲಿನ ಅರ್ಧ ಮಸಿ, ಕೆಳಗಿನ ಅರ್ಧ ತೊಳೆದ ಹಾಗೆ ಬಿಳಿ. ಆ ಹೊಗೆ ಕಣ್ಣಿಗೆ ಕಷ್ಟ, ಮರಕ್ಕೆ ಔಷಧ. ಒಣಗಿಸುತ್ತಿತ್ತು, ಹುಳ ಹತ್ತದಂತೆ ಕಾಯುತ್ತಿತ್ತು. ಮ್ಯೂಸಿಯಂಗೆ ಬಂದ ಮನೆಯ ಒಲೆ ಆರಿರುತ್ತದೆ. ಬೆಂಕಿಯ ಭಯಕ್ಕೆ ಹಚ್ಚುವುದಿಲ್ಲ. ಬೆಂಕಿ ಹಚ್ಚದ ಮನೆಗೆ ತೇವ ಹಿಡಿಯುತ್ತದೆ, ಬೂಷ್ಟು ಬರುತ್ತದೆ.

ಭಯ ಸುಳ್ಳಲ್ಲ ಬಿಡಿ. ಕೊಸ್ತ್ರೊಮಾದ್ದು ಹೇಳಿದೆ. ಕಿಝಿಯಿಂದ ಹೆಚ್ಚು ದೂರವಲ್ಲದ ಕೊಂದೊಪೊಗಾದಲ್ಲಿ 1774ರ ಚರ್ಚು ಇತ್ತು, 42 ಮೀಟರ್ ಎತ್ತರ, ಕರೇಲಿಯಾದಲ್ಲಿ ಎಲ್ಲಕ್ಕಿಂತ ಎತ್ತರದ್ದು. 2018ರ ಆಗಸ್ಟ್‌ನಲ್ಲಿ ಒಬ್ಬ ಹುಡುಗ ಬೆಂಕಿ ಇಟ್ಟ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಬೂದಿ.

ಇದನ್ನೆಲ್ಲ ಸರ್ಕಾರಗಳೇ ಮಾಡಿದವು ಅಂದುಕೊಳ್ಳಬೇಡಿ. ಉರಾಲ್ ಪ್ರದೇಶದ ನೀಝ್ನ್ಯಾಯಾ ಸಿನ್ಯಾಚಿಖಾ ಎಂಬ ಹಳ್ಳಿಯಲ್ಲಿ ಇವಾನ್ ಸಮೊಯ್ಲೊವ್ ಎಂಬ ಭೂಮಾಪಕರು ಇದ್ದರು. ಊರೂರು ಸುತ್ತಿ ಬಣ್ಣದ ಚಿತ್ತಾರದ ಹಳೇ ಮನೆಗಳನ್ನು, ಹಲಗೆಗಳನ್ನು ಕೂಡಿಹಾಕುತ್ತಾ ಹೋದರು. ಬಿದ್ದುಹೋಗುತ್ತಿದ್ದ ಚರ್ಚನ್ನು ಸ್ವಂತ ಶ್ರಮದಿಂದ ರಿಪೇರಿ ಮಾಡಿದರು. 1978ರಲ್ಲಿ ಅದು ಮ್ಯೂಸಿಯಂ ಆಯಿತು. ಇವರ ಕಥೆ ಓದಿದಾಗ ನನಗೆ ನೆನಪಾದದ್ದು ಮಣಿಪಾಲದ ವಿಜಯನಾಥ ಶೆಣೈ ಅವರು. ಅಲ್ಲಿ ಭೂಮಾಪಕ, ಇಲ್ಲಿ ಬ್ಯಾಂಕ್ ಉದ್ಯೋಗಿ. ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್, ಕರಾವಳಿಯ ಮರದ ಮನೆಗಳನ್ನೆಲ್ಲ ಬಿಚ್ಚಿ ತಂದು ಹೆರಿಟೇಜ್ ವಿಲೇಜ್‌ನಲ್ಲಿ ನಿಲ್ಲಿಸಿದರು. ನಿಮ್ಮಲ್ಲಿ ನೋಡದವರಿದ್ದರೆ ರಷ್ಯಾಗೆ ವೀಸಾ ಹುಡುಕುವ ಮುಂಚೆ ಉಡುಪಿಗೆ ಬಸ್ಸು ಹತ್ತಿ.

ಕೊನೆಯ ಚಿತ್ರ. ದುರಸ್ತಿ ಮುಗಿದ ಕಿಝಿಯ ಗೋಡೆ, ಹತ್ತಿರದಿಂದ ತೆಗೆದದ್ದು. ಬೂದು ದಿಮ್ಮಿಗಳ ನಡುವೆ ಅಲ್ಲಲ್ಲಿ ಹಳದಿ ತೇಪೆ ಕಾಣುತ್ತಿದೆಯಲ್ಲ? ಇದು ಒಂದು ಕಡೆ ಬರೀ ಗೇಣುದ್ದ ಇದೆ, ಪಕ್ಕದ್ದು ಇಡೀ ದಿಮ್ಮಿ. ಈಗ ಕಣ್ಣಿಗೆ ಹೊಡೆಯುತ್ತದೆ, ನಿಜ. ಕೆಲವು ಚಳಿಗಾಲ ಕಳೆಯಲಿ. ಈ ಹಳದಿಯೂ ಬೂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ 1714ರ ಬಡಗಿಯ ಏಟು ಯಾವುದು, ಈಚಿನವನ ಏಟು ಯಾವುದು ಅಂತ ಹೇಳಲು ಇನ್ನೊಬ್ಬ ಬಡಗಿಯೇ ಬರಬೇಕು.